ಮೂರನೆಯ ಹೆಗಲು

ನಿಂತಲ್ಲೇ ನಡುಗುತ್ತಿತ್ತು ಟ್ವುಮಾಸಿಯ ಟ್ಯಾಕ್ಸಿ,
ಚಳಿಜ್ವರ ಹತ್ತಿದ ಮುದಿ ಕತ್ತೆಯ ಹಾಗೆ.
ನಾಲ್ಕು ಮೂಲೆಗೂ ಕಿತ್ತಳೆ ಬಣ್ಣ,
ಹಿಂಗಾಜಿನ ಮೇಲೆ ಅರ್ಧ ಕಿತ್ತುಹೋದ ಅಕ್ಷರ:
ತಡವಾದೀತು, ತಪ್ಪದು.

ಕುಮಾಸಿಯ ಈ ಬೀದಿಯಲ್ಲಿ
ಸುತ್ತಿಗೆ ಬಾಯಿ ಮುಚ್ಚುವ ಹೊತ್ತೇ ಇಲ್ಲ.
ಎಡಕ್ಕೆ ತಗಡು ಬಡಿಯುವವರು,
ಬಲಕ್ಕೆ ಲಾರಿಯ ಬೆನ್ನೆಲುಬು ಬೆಸೆಯುವವರು,
ನಡುವೆ ಸಹಾರಾದಿಂದ ಬಂದಿಳಿದ ಧೂಳು
ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲದರ ಮೇಲೆ ಕೂತಿದೆ.
ಮೂವತ್ತೆಂಟು ವರ್ಷ ಈ ಸದ್ದನ್ನೇ ಉಂಡು
ಮಾಸ್ಟರ್ ಬೆಡಿಯಾಕೊನ ಕಿವಿ ತುಂಬಿಹೋಗಿದೆ;
ಇನ್ನೊಂದು ತುತ್ತು ಹಿಡಿಸದು.
"ಹೇಗಿದೆ ಸದ್ದು?" ಅನ್ನುತ್ತಾನೆ.
ಫಿಟ್ಟರ್ ಕೆಲಸ ಕಲಿಯಲು ಬಂದು ಕಿವಿಯಾದವಳು ನಾನು,
ಅವನ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತೇನೆ:
ಧಡ್ ಧಡ್
              ಧಡ್,
ಧಡ್ ಧಡ್
              ಧಡ್.

ಟ್ವುಮಾಸಿ ಹೇಳಿದ್ದನ್ನೇ ಹೇಳುತ್ತಿದ್ದ:
ಪ್ಲಗ್ಗು ಹೊಸದು, ವಯರು ಹೊಸದು,
ಕಾರ್ಬೊರೇಟರ್ ಎರಡು ಸಲ ತೊಳೆಸಿ ಆಯಿತು,
ಪಾದ್ರಿಯೂ ಬಾನೆಟ್ಟಿನ ಮೇಲೆ ಕೈಯಿಟ್ಟು ಹೋದ.
ಮೂರು ಗ್ಯಾರೇಜು, ಮೂರು ಕಾಯಿಲೆ, ಮೂರು ಬಿಲ್ಲು.

ಕೇಳದವನಿಗೆ ಇದೊಂದು ಸುಖ. ಮಾಸ್ಟರ್
ಸುಟ್ಟ ಬಾಳೆಕಾಯಿ ಮುಗಿಸಿ ಕೈ ಒರೆಸಿಕೊಂಡ.
"ಅರಸನ ಪಲ್ಲಕ್ಕಿ ಇದು. ನಾಲ್ವರು ಹೊರಬೇಕು.
ಒಬ್ಬ ಬರೀ ಕೈಯಿಟ್ಟುಕೊಂಡು ನಡೆದರೆ
ಮೇಲೆ ಕೂತ ಅರಸನಿಗೆ ತಲೆಸುತ್ತು.
ಕೀಳು, ಒಂದೊಂದೇ ವಯರು."

ಮೊದಲನೆಯದು ಕಿತ್ತೆ. ಎಂಜಿನ್ ಮುಗ್ಗರಿಸಿತು. ಸಿಕ್ಕಿಸಿದೆ.
ಎರಡನೆಯದು. ಸಾಯಲು ಹೊರಟೇಬಿಟ್ಟಿತು. ಸಿಕ್ಕಿಸಿದೆ,
ಕರೆಂಟು ಮೊಣಕೈವರೆಗೆ ಕಚ್ಚಿತು.
ಮೂರನೆಯದು ಕಿತ್ತೆ.
ಏನೂ ಆಗಲಿಲ್ಲ.
ಅದೇ ನಡುಕ, ಅದೇ ಕುಂಟು.

"ತೆಗೆದರೂ ಗೊತ್ತಾಗದವನೇ ರೋಗಿ," ಅಂದ.

ಆ ಮಾತು ನನಗೆ ಹಿಡಿಸಲಿಲ್ಲ.
ಏಳು ಮಕ್ಕಳ ಮನೆಯಲ್ಲಿ ನಾನೂ ಮೂರನೆಯವಳು.
ಚೀಲ ಹಿಡಿದು ಹೊರಬಿದ್ದ ಬೆಳಿಗ್ಗೆ
ಒನಕೆಯ ಏಟು ಒಂದೂ ತಪ್ಪಲಿಲ್ಲ.

ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಎಂಜಿನ್ನಿಗೆ ಆನಿಸಿದ.
ಕಿವಿ ಬಿಟ್ಟುಕೊಟ್ಟದ್ದನ್ನು ತಲೆಬುರುಡೆ ಕೇಳಿಸಿಕೊಳ್ಳುತ್ತದೆ.
ಕಣ್ಣು ಮುಚ್ಚಿದ್ದ, ಬಹಳ ಹೊತ್ತು.
ಆಮೇಲೆ ಟ್ವುಮಾಸಿಯನ್ನು ಕೇಳಿದ,
ಯಾರೂ ಕೇಳದಿದ್ದ ಪ್ರಶ್ನೆ:
"ಬ್ರೇಕು ಗಟ್ಟಿಯಾಗಿದೆಯೇನು?"
"ಕಾಲು ನೋಯುತ್ತಿತ್ತು," ಅಂದ ಟ್ವುಮಾಸಿ,
"ನನಗೇ ವಯಸ್ಸಾಯಿತು ಅಂದುಕೊಂಡಿದ್ದೆ."

ಸಾಬೂನು ನೀರು ತಂದೆ.
ಬ್ರೇಕಿಗೆ ಹೋಗುವ ದಪ್ಪ ರಬ್ಬರು ಕೊಳವೆ,
ಮೂರನೆಯವನ ಕೊರಳ ಪಕ್ಕದಲ್ಲೇ ಹೊರಡುವಂಥದು,
ಅದರ ಹೊಟ್ಟೆಯಡಿ ಕೈಗೂ ಕಣ್ಣಿಗೂ ಎಟುಕದಲ್ಲಿ
ನೊರೆ ಹಚ್ಚಿದೆ.
ಸುರ್‍ರನೆ ಒಳಗೆಳೆದುಕೊಂಡಿತು!
ಎರಡು ಉಸಿರಿನಷ್ಟು ಹೊತ್ತು
ನಾಲ್ವರೂ ಹೆಗಲು ಕೊಟ್ಟರು,
ಮತ್ತೆ ಕುಂಟು.

ಉಗುರಿನಷ್ಟು ಬಿರುಕು. ಅಷ್ಟೇ.
ಬೆಂಕಿ ಇತ್ತು ಅವನಲ್ಲಿ, ಹಸಿವೂ ಇತ್ತು,
ಬಟ್ಟಲಿಗೆ ಬರುತ್ತಿದ್ದದ್ದು ಮಾತ್ರ ಬರೀ ಗಾಳಿ.
ಗಾಳಿಯುಂಡು ಯಾವ ಹೆಗಲು ಹೊತ್ತೀತು?

ಗುಜರಿಗೆ ಬಿದ್ದ ನಿಸ್ಸಾನಿನ ಕೊಳವೆ ಕತ್ತರಿಸಿ
ಎರಡು ಕ್ಲಿಪ್ಪು ಬಿಗಿದೆವು. ಹದಿನೈದು ಸೆಡಿ.
ಮಾಸ್ಟರ್ ಕಡಲೆಬೀಜ ಒಂದನ್ನು
ಎಂಜಿನ್ನಿನ ನೆತ್ತಿಯ ಮೇಲಿಟ್ಟ.
ತುಸು ಜುಮ್ಮೆಂದಿತು, ಜಾರಲಿಲ್ಲ.
ಟ್ವುಮಾಸಿ ಬ್ರೇಕು ಒತ್ತಿ ನೋಡಿದ,
ಇನ್ನೊಮ್ಮೆ ಒತ್ತಿದ,
ಹತ್ತು ವರ್ಷ ಇಳಿದವನ ಹಾಗೆ ಮತ್ತೊಮ್ಮೆ.

"ಮೂರನೆಯದನ್ನು ಈಗ ಕೀಳು," ಅಂದ ಮಾಸ್ಟರ್.
ಕಿತ್ತೆ.
ಮೈಯೆಲ್ಲ ಕುಲುಕಿ ಮುಗ್ಗರಿಸಿತು,
ಕಡಲೆಬೀಜ ಧೂಳಿಗೆ ಬಿತ್ತು.
ಗಾಬರಿಯಾಗಿ ಸಿಕ್ಕಿಸಿ ತಲೆಯೆತ್ತಿದರೆ
ಅವನು ಎಂಜಿನ್ ಕಡೆ ನೋಡುತ್ತಿರಲೇ ಇಲ್ಲ.